ಸಿಲ್ಕ್ ಫಾರ್ಮ್ ಕಲಿಸಿದ್ದು, ಕಲಿಸದೆ ಬಿಟ್ಟದ್ದು

ಕರ್ನಾಟಕಕ್ಕೂ ಜಪಾನಿಗೂ ಏನು ನಂಟು ಎಂದು ಕೇಳಿದರೆ ಬಿಡದಿಯ ಟೊಯೊಟಾ ಕಾರ್ಖಾನೆಯನ್ನೋ, 2005ರಲ್ಲಿ ಶುರುವಾದ ಜಪಾನ್ ಹಬ್ಬವನ್ನೋ ಹೇಳುವವರೇ ಹೆಚ್ಚು. ನಾನಾದರೆ ರೇಷ್ಮೆಗೂಡನ್ನು ತೋರಿಸುತ್ತೇನೆ. ಆ ನಂಟು ಇವೆರಡಕ್ಕಿಂತ ಹಳೆಯದು, ಹಳ್ಳಿಯ ಮನೆಯೊಳಗೆ ಹೊಕ್ಕದ್ದು, ಸೋತದ್ದೆಲ್ಲಿ ಗೆದ್ದದ್ದೆಲ್ಲಿ ಎಂದು ಲೆಕ್ಕ ಹಾಕಲು ಸಿಗುವಂಥದ್ದು.

ಬೆಂಗಳೂರಿನ ಬನಶಂಕರಿಯ ದಾರಿಯಲ್ಲಿರುವ ಟಾಟಾ ಸಿಲ್ಕ್ ಫಾರ್ಮ್ ಈಗ ಬಡಾವಣೆ, ಬಸ್ ಸ್ಟಾಪು. 1890ರ ದಶಕದಲ್ಲಿ ಅದು ಹಿಪ್ಪುನೇರಳೆ ತೋಟ. ಜಪಾನ್ ನೋಡಿ ಬಂದಿದ್ದ ಜಮ್‌ಷೇಟ್‌ಜಿ ಟಾಟಾ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಮೈಸೂರು ಸರ್ಕಾರದಿಂದ ಜಮೀನು ಪಡೆದು, ಜಪಾನಿನಿಂದಲೇ ತಜ್ಞರನ್ನು ಕರೆಸಿ, ಹುಳು ಸಾಕುವುದರಿಂದ ನೂಲು ತೆಗೆಯುವವರೆಗೆ ಕಲಿಸುವ ಏರ್ಪಾಟು ಮಾಡಿದರು. 1904ರಲ್ಲಿ ಅವರು ತೀರಿಕೊಂಡರು. ಮುಂದೆ ತೋಟ ಸಾಲ್ವೇಷನ್ ಆರ್ಮಿಯ ಕೈಗೆ ಹೋಯಿತು. ಊರು ಬೆಳೆದು ತೋಟ ಸೈಟಾಯಿತು. ಬೆಂಗಳೂರಿನಲ್ಲಿ ಸೈಟಾಗದೆ ಉಳಿದದ್ದಾದರೂ ಯಾವುದು!

ತೂಕದ ಕೆಲಸ ನಡೆದದ್ದು 1991ರ ನಂತರ. ಜಪಾನಿನ ಜೈಕಾ ಸಂಸ್ಥೆಯ ತಜ್ಞರು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರೊಡನೆ ಕೂತು ನಮ್ಮ ಬಿಸಿಲು ತಡೆಯುವ, ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿ ಹುಳುವಿಗಾಗಿ ದುಡಿದರು. ಹೀಗೆ ಸಿಎಸ್‌ಆರ್ ಎಂಬ ಹೆಸರಿನ ತಳಿಗಳು ಬಂದವು. ಮೈಸೂರು ನಾಟಿ ಗೂಡಿನಲ್ಲಿ ನಾಲ್ಕು ನೂರು ಮೀಟರ್ ಎಳೆ ಸಿಗುವುದೇ ಕಷ್ಟ. ಈ ತಳಿಗಳ ಗೂಡಿನಲ್ಲಿ ಸಾವಿರದ ಆಸುಪಾಸು. ನನಗೆ ಇನ್ನೂ ದೊಡ್ಡದಾಗಿ ಕಾಣುವುದು ರೆಂಬೆ ಪದ್ಧತಿ. ಮೊದಲು ಹೆಂಗಸರು ಸೊಪ್ಪನ್ನು ಒಂದೊಂದಾಗಿ ಬಿಡಿಸಿ, ದಿನಕ್ಕೆ ಹಲವು ಸಲ ಬಿದಿರಿನ ತಟ್ಟೆಗೆ ಹಾಕಿ, ಹಿಕ್ಕೆ ಕಸ ತೆಗೆಯುತ್ತ ಬೆನ್ನು ಮುರಿದುಕೊಳ್ಳುತ್ತಿದ್ದರು. ಬಲಿತ ಹುಳುವಿಗೆ ರೆಂಬೆ ಸಮೇತ ಕೊಯ್ದು ಹರವಿದರೆ ಸಾಕು ಎಂದಾದಾಗ ಆ ದುಡಿಮೆ ಎಷ್ಟೋ ಇಳಿಯಿತು. ಫೀತಾ ಕತ್ತರಿಸಿ ಉದ್ಘಾಟಿಸುವ ಸಂಗತಿಯಲ್ಲವಾದ್ದರಿಂದ ಇದರ ಫೋಟೊ ಎಲ್ಲೂ ಕಾಣುವುದಿಲ್ಲ.

ಆದರೆ ಜೈಕಾದ ಈ ಯೋಜನೆಗೆ ಪೂರ್ತಿ ಅಂಕ ಕೊಡಲು ಮನಸ್ಸು ಒಪ್ಪದು. ದ್ವಿತಳಿ ಹುಳುವಿಗೆ ಗಾಳಿಯಾಡುವ, ಔಷಧಿ ಹೊಡೆದು ಚೊಕ್ಕಟ ಮಾಡಿದ ಬೇರೆ ಹುಳುಮನೆ ಬೇಕು. ಅಡುಗೆ, ನಿದ್ದೆ, ಹುಳು ಎಲ್ಲ ಒಂದೇ ಸೂರಿನಡಿ ಇರುವ ಸಣ್ಣ ರೈತ ನಾಟಿಗೆ ದ್ವಿತಳಿ ಬೆರೆಸಿದ ಮಿಶ್ರತಳಿಯಲ್ಲೇ ಉಳಿದ. ಸೆಕೆಗೋ ರೋಗಕ್ಕೋ ಬೆಳೆ ಪೂರಾ ಕೈಕೊಡದಿದ್ದರೆ ಅವನಿಗೆ ಅಷ್ಟೇ ಸಾಕು. ಇಂದಿಗೂ ರಾಜ್ಯದ ಗೂಡಿನಲ್ಲಿ ದೊಡ್ಡ ಪಾಲು ಮಿಶ್ರತಳಿಯದೇ. ಇತ್ತ ಇಷ್ಟೆಲ್ಲ ನಡೆದಿರುವಾಗ 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿತು. ಚೀನಾ ನೂಲಿನೆದುರು ಗೂಡಿನ ಬೆಲೆ ನೆಲ ಕಚ್ಚಿತು. ತಳಿ ತಿದ್ದಲು ಹಿಡಿದ ಸಹನೆ ಮಾರುಕಟ್ಟೆ ಕಾಯುವ ವಿಷಯದಲ್ಲಿ ಯಾರಿಗೂ ಇರಲಿಲ್ಲ.

  

ಇನ್ನು ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳ ಮಾತು. ಜೈಕಾ ಯೋಜನೆಯ ಒತ್ತು ಹೆಚ್ಚಾಗಿ ಹುಳು ಸಾಕುವವರ ಮೇಲಿತ್ತು. ಒಳ್ಳೆಯ ದ್ವಿತಳಿ ಗೂಡಿಗೆ ತಕ್ಕ ಸ್ವಯಂಚಾಲಿತ ಯಂತ್ರಗಳು ನಮಗೆ ಬಂದದ್ದು ಬಹುಪಾಲು ಚೀನಾದಿಂದ, ಅದೂ ತಡವಾಗಿ, ಸಬ್ಸಿಡಿ ದಕ್ಕಿಸಿಕೊಂಡವರಿಗೆ. ರಾಮನಗರ, ಶಿಡ್ಲಘಟ್ಟದ ಚರಕದವರು ಕುದಿನೀರಿಗೆ ಬೆರಳದ್ದಿ ಎಳೆ ಹುಡುಕುವುದು ತಪ್ಪಿಲ್ಲ. ಜಪಾನಿನೊಡನೆ ಮುಂದಿನ ಮಾತುಕತೆ ನಡೆದರೆ ಮೊದಲ ಕುರ್ಚಿ ಅವರಿಗೆ ಹಾಕಬೇಕು.