ನಾಚಿಕೆ ಹೋಯಿತು, ತಪಾಸಣೆ ಬರಲಿ

ಗಂಡಸಿನ ಲೈಂಗಿಕ ತೊಂದರೆಗೆ ನಮ್ಮ ತಾಲ್ಲೂಕು ಊರುಗಳಲ್ಲಿ ಬಹಳ ಕಾಲ ಇದ್ದದ್ದು ಮೂರೇ ದಾರಿ. ಬಸ್ ನಿಲ್ದಾಣದ ಶೌಚಾಲಯದ ಗೋಡೆಗೆ ಅಂಟಿಸಿದ ಚೀಟಿಯ ಫೋನ್ ನಂಬರು, ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ರೂಮು ಹಿಡಿದು ಕೂರುವ ‘ಗುಪ್ತರೋಗ ತಜ್ಞ’, ಇಲ್ಲವೇ ಮೆಡಿಕಲ್ ಶಾಪಿನ ಮುಂದೆ ಜನ ಕರಗುವವರೆಗೆ ಕಾದು, ದನಿ ತಗ್ಗಿಸಿ ಕೇಳಿ ತರುವ ಮಾತ್ರೆ. ಎಂಬಿಬಿಎಸ್ ಓದಿದ ವೈದ್ಯರ ಕ್ಲಿನಿಕ್ಕು ಅದೇ ಬೀದಿಯಲ್ಲಿದ್ದರೂ ಅಲ್ಲಿಗೆ ಹೋಗುತ್ತಿದ್ದದ್ದು ಜ್ವರಕ್ಕೆ, ಸಕ್ಕರೆ ಕಾಯಿಲೆಗೆ. ಹೊರಗಿನ ಬೆಂಚಿನ ಮೇಲೆ ಕೂತವರೆಲ್ಲ ಪರಿಚಯದವರೇ ಆಗಿರುವಾಗ ಈ ಮಾತು ಎತ್ತುವುದು ಹೇಗೆ?

ಈಗ ನಾಲ್ಕನೆಯ ದಾರಿ ಫೋನಿನಲ್ಲೇ ತೆರೆದಿದೆ. 2020ರ ಮಾರ್ಚ್ 25ರಂದು ಹೊರಬಿದ್ದ ಟೆಲಿಮೆಡಿಸಿನ್ ಮಾರ್ಗಸೂಚಿ, ನೋಂದಾಯಿತ ವೈದ್ಯರು ವಿಡಿಯೊ, ಕರೆ, ಸಂದೇಶಗಳ ಮೂಲಕ ರೋಗಿಯನ್ನು ವಿಚಾರಿಸಿ ಔಷಧಿ ಬರೆಯುವುದಕ್ಕೆ ಸ್ಪಷ್ಟ ಚೌಕಟ್ಟು ಹಾಕಿಕೊಟ್ಟಿತು. ಮ್ಯಾನ್ ಮ್ಯಾಟರ್ಸ್, ಬೋಲ್ಡ್ ಕೇರ್, ಅಲೋ ಹೆಲ್ತ್‌ನಂಥ ಆನ್‌ಲೈನ್ ಸೇವೆಗಳ ಹೆಸರುಗಳು ಇವತ್ತು ಕಾಲೇಜು ಹುಡುಗರಿಗೂ ಗೊತ್ತು. 2024ರ ಫೆಬ್ರುವರಿಯಲ್ಲಿ ನಟ ರಣವೀರ್ ಸಿಂಗ್ ಕಾಣಿಸಿಕೊಂಡ ಬೋಲ್ಡ್ ಕೇರ್ ಜಾಹೀರಾತಂತೂ, ಮನೆಮಂದಿ ಆಡದ ಮಾತನ್ನು ದೇಶವೇ ಆಡುವಂತೆ ಮಾಡಿತು. ಈ ಸೇವೆಗಳು ಗಂಡಸಿನ ಬಾಯಿ ಬಿಡಿಸಿವೆ, ಅದು ಸಣ್ಣ ಸಾಧನೆಯಲ್ಲ. ಆದರೆ ಬಾಯಿ ಬಿಟ್ಟವನನ್ನು ಸರಿಯಾದ ತಪಾಸಣೆಗೆ ಒಪ್ಪಿಸುವ ಕೆಲಸ ಅರ್ಧಕ್ಕೇ ನಿಂತಿದೆ. ಮಾತ್ರೆ ಎಷ್ಟು ಬೇಗ ಮನೆಗೆ ಬಂತು ಎಂಬ ಲೆಕ್ಕ ಬಿಟ್ಟು, ಯಾರನ್ನು ಯಾವಾಗ ಆಸ್ಪತ್ರೆಗೆ ಕಳಿಸಿದರು ಎಂಬುದರ ಮೇಲೆ ನಾವು ಇವುಗಳನ್ನು ತೂಗಬೇಕು.

ಮೊದಲು ಗುಣವನ್ನೇ ಹೇಳುತ್ತೇನೆ. ಮೂತ್ರದಲ್ಲಿ ಧಾತು ಹೋಗುತ್ತಿದೆ, ಹಸ್ತಮೈಥುನದಿಂದ ಶಕ್ತಿಯೆಲ್ಲ ಸೋರಿತು ಎಂದು ಕೊರಗಿ ಸೊರಗುವ ಯುವಕರು ನಮ್ಮಲ್ಲಿ ಎಲ್ಲ ಊರಲ್ಲೂ ಇದ್ದಾರೆ. ಮನೋವೈದ್ಯ ನರೇಂದ್ರನಾಥ ವಿಗ್ 1960ರಲ್ಲೇ ಇದನ್ನು ‘ಧಾತ್ ಸಿಂಡ್ರೋಮ್’ ಎಂದು ಗುರುತಿಸಿದರು. ಇಂಥವನಿಗೆ ಮುಖ್ಯವಾಗಿ ಬೇಕಾದದ್ದು ಗದರದೆ, ನಗದೆ ವಿವರಿಸುವ ವೈದ್ಯರು. ಅರ್ಧ ಗಂಟೆಯ ವಿಡಿಯೊ ಮಾತುಕತೆ ಅವನ ವರ್ಷಗಳ ಭಯವನ್ನು ಇಳಿಸಬಲ್ಲದು. ಕನ್ನಡಕ್ಕೆ ಈ ಕೆಲಸ ಹೊಸದೂ ಅಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದು, ಮಲಗುವ ಕೋಣೆಯ ಸಂಗತಿಗಳನ್ನು ಮರ್ಯಾದೆಯಿಂದ, ನೇರವಾಗಿ ಕನ್ನಡದಲ್ಲಿ ಹೇಳಬಹುದು ಎಂದು ತೋರಿಸಿದ್ದರು. ಆನ್‌ಲೈನ್ ಸೇವೆಯ ಮಾತುಕತೆ ಆ ಮಟ್ಟಕ್ಕೆ ಏರಬೇಕು.

ತೊಡಕು ಶುರುವಾಗುವುದು ಮಾತುಕತೆ ಮುಗಿದ ಮೇಲೆ. ಸಲಹೆ ಕೊಡುವ ವೈದ್ಯರೂ ಸರಕು ಮಾರುವ ಅಂಗಡಿಯೂ ಒಂದೇ ಕಂಪನಿಯದಾದಾಗ, ‘ನಿನಗೇನೂ ಆಗಿಲ್ಲ, ಹೋಗಿ ಬಾ’ ಎನ್ನುವ ಮಾತಿನಿಂದ ಅಂಗಡಿಗೆ ಲಾಭವಿಲ್ಲ. ಹಾಗಾಗಿ ಸಮಾಲೋಚನೆಯ ಪಕ್ಕದಲ್ಲೇ ಶಿಲಾಜಿತ್, ಅಶ್ವಗಂಧ, ಮೂರು ತಿಂಗಳ ಪ್ಯಾಕೇಜು ಸಾಲಾಗಿ ಬರುತ್ತವೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧಿಸಿದೆ. ಗೋಡೆಯ ಚೀಟಿಗೆ ಅನ್ವಯಿಸುವ ಕಾನೂನು ಮೊಬೈಲ್ ಪರದೆಗೂ ಅಷ್ಟೇ ಬಿಗಿಯಾಗಿ ಅನ್ವಯಿಸಬೇಕು.

ಇನ್ನು ಮಾತ್ರೆಯ ವಿಚಾರ. ಸಿಲ್ಡೆನಾಫಿಲ್ ಅನ್ನು ಫೈಜರ್ ಕಂಪನಿ ಮೊದಲು ಪರೀಕ್ಷಿಸಿದ್ದು ಎದೆನೋವಿಗೆ. ಅದರ ಇನ್ನೊಂದು ಪರಿಣಾಮ ಗೊತ್ತಾಗಿ, 1998ರ ಮಾರ್ಚ್ 27ರಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದನ್ನು ನಿಮಿರುವಿಕೆಯ ತೊಂದರೆಗೆ ಒಪ್ಪಿತು. ತಕ್ಕವರಿಗೆ, ತಕ್ಕ ಪ್ರಮಾಣದಲ್ಲಿ ಅದು ಒಳ್ಳೆಯ ಔಷಧಿ. ಆದರೆ ಹೃದ್ರೋಗಕ್ಕೆ ನೈಟ್ರೇಟ್ ಸೇವಿಸುವವರು ಇದನ್ನು ನುಂಗಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಜೀವಕ್ಕೇ ಎರವಾಗಬಹುದು. ಅದಕ್ಕೆಂದೇ ಈ ಸೇವೆಗಳು ಮೊದಲು ತುಂಬಿಸಿಕೊಳ್ಳುವ ಪ್ರಶ್ನಾವಳಿಯಲ್ಲಿ ಒಂದು ಸಾಲು ಇರುತ್ತದೆ: ‘ನೀವು ನೈಟ್ರೇಟ್ ಔಷಧಿ ಸೇವಿಸುತ್ತಿದ್ದೀರಾ?’ ರಾತ್ರಿ ಹನ್ನೊಂದಕ್ಕೆ, ಮನೆಯವರೆಲ್ಲ ಮಲಗಿದ ಮೇಲೆ, ಐವತ್ತೈದರ ಒಬ್ಬ ಮೇಷ್ಟ್ರು ಅದನ್ನು ಓದುತ್ತಾರೆ ಎಂದಿಟ್ಟುಕೊಳ್ಳಿ. ಎದೆ ಹಿಡಿದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಅವರ ಅಂಗಿ ಜೇಬಿನಲ್ಲೇ ಇದೆ. ಅದೇ ನೈಟ್ರೇಟ್ ಎಂದು ಅವರಿಗೆ ಯಾರೂ ಹೇಳಿಲ್ಲ. ಅವರು ‘ಇಲ್ಲ’ ಎಂದು ಒತ್ತಿ ಮುಂದೆ ಹೋಗುತ್ತಾರೆ. ವಿಡಿಯೊದಲ್ಲಿ ಎದುರಿಗೆ ವೈದ್ಯರಿದ್ದರೆ ‘ದಿನಾ ನುಂಗುವ ಮಾತ್ರೆಗಳನ್ನೆಲ್ಲ ತಂದು ಕ್ಯಾಮೆರಾಗೆ ತೋರಿಸಿ ಸಾರ್’ ಎನ್ನುತ್ತಾರೆ. ಆ ಒಂದು ಮಾತಿಗಾಗಿಯೇ ವಿಡಿಯೊ ಬೇಕು. ಮೊದಲ ಭೇಟಿಯಲ್ಲಿ ಸಾಧಾರಣ ಮಾತ್ರೆಗಳನ್ನು ಮೀರಿ ಏನನ್ನಾದರೂ ಬರೆಯಬೇಕಾದರೆ ವಿಡಿಯೊ ಸಮಾಲೋಚನೆ ಆಗಿರಬೇಕೆಂದು ಮಾರ್ಗಸೂಚಿ ಹೇಳುವುದೂ ಸುಮ್ಮನೆ ಅಲ್ಲ. ಯಂತ್ರಬುದ್ಧಿಯ ತಂತ್ರಾಂಶಗಳು ರೋಗಿಗೆ ತಾವೇ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ ಎಂದೂ ಅದು ಕಟ್ಟುಮಾಡಿದೆ.

ಮಾತ್ರೆ ಕೆಲಸ ಮಾಡಿದರೂ ಮುಗಿಯುವುದಿಲ್ಲ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಮೂರ್ನಾಲ್ಕು ಮಿಲಿಮೀಟರ್ ಅಗಲ, ಶಿಶ್ನದ ರಕ್ತನಾಳಗಳು ಒಂದೆರಡು ಮಿಲಿಮೀಟರ್. ಹನಿ ನೀರಾವರಿಯಲ್ಲಿ ಸಣ್ಣ ಪೈಪು ಮೊದಲು ಕಟ್ಟಿಕೊಳ್ಳುವ ಹಾಗೆ, ಕೊಬ್ಬು ಮೆತ್ತಿಕೊಂಡ ಲಕ್ಷಣ ಮೊದಲು ಇಲ್ಲೇ ಕಾಣಬಹುದು, ಹೃದಯದ ತೊಂದರೆಗೆ ಕೆಲವು ವರ್ಷ ಮುಂಚೆಯೇ. ಸಕ್ಕರೆ ಕಾಯಿಲೆಯ ಮೊದಲ ಸುಳಿವೂ ಇದೇ ಆಗಿರಬಹುದು. ನಲವತ್ತು ದಾಟಿದವನಿಗೆ ನಿಮಿರುವಿಕೆಯ ತೊಂದರೆ ಬಂದರೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡದೆ ಮಾತ್ರೆ ಕಳಿಸುವ ಸೇವೆ, ಹೃದಯ ಕೊಟ್ಟ ಎಚ್ಚರಿಕೆಯನ್ನು ಅಳಿಸಿಹಾಕಿದಂತೆ. ಇದು ನನ್ನ ದೊಡ್ಡ ಆಕ್ಷೇಪ.

ಸಂತಾನದ ವಿಷಯದಲ್ಲಿ ಈ ಸೇವೆಗಳಿಂದ ಆಗಬಹುದಾದ ಉಪಕಾರ ಇನ್ನೂ ದೊಡ್ಡದು. ಮದುವೆಯಾಗಿ ಎರಡು ವರ್ಷ ಮಗುವಾಗದಿದ್ದರೆ ಹರಕೆ, ಸ್ಕ್ಯಾನು, ಇಂಜೆಕ್ಷನ್ನು ಎಲ್ಲವೂ ಹೆಂಡತಿಯ ಪಾಲು. ಆದರೆ ಇಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಕಡೆಯ ಕಾರಣವೂ ಸೇರಿರುತ್ತದೆ. ‘ಮೊದಲು ನಾನೇ ವೀರ್ಯ ಪರೀಕ್ಷೆ ಮಾಡಿಸುತ್ತೇನೆ’ ಎಂದು ಗಂಡಸು ಹೊರಡುವಂತೆ ಫೋನಿನ ಆ ಕಡೆಯ ವೈದ್ಯರು ಮಾಡಿದರೆ, ಒಬ್ಬ ಹೆಣ್ಣುಮಗಳ ಎಷ್ಟೋ ಸಂಕಟ ತಪ್ಪೀತು. ಆದರೆ ಪರೀಕ್ಷೆ ಶಾಸ್ತ್ರಬದ್ಧವಾಗಿರಬೇಕು. ಎರಡರಿಂದ ಏಳು ದಿನ ಸಂಯಮ ಬೇಕು, ಮಾದರಿಯನ್ನು ಒಂದು ಗಂಟೆಯೊಳಗೆ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಶೇ 42 ಚಲನೆ ಎಂದು ಕೆಳಮಿತಿಯ ಅಂಕಿ ಕೊಡುತ್ತದೆ. ಅದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಗು ಆಗುವುದೇ ಇಲ್ಲ ಎಂದರ್ಥವಲ್ಲ. ಒಂದೇ ವರದಿಯಿಂದ ತೀರ್ಮಾನಕ್ಕೂ ಬರಬಾರದು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಕಾಲ ಹಿಡಿಯುವುದರಿಂದ, ಹಿಂದೆ ಬಂದ ಜ್ವರವೂ ವರದಿಯಲ್ಲಿ ಕಾಣಿಸಬಹುದು.

ಇಲ್ಲೂ ಕೈಯಿಂದ ಮಾಡಬೇಕಾದ ತಪಾಸಣೆ ತಪ್ಪುವುದಿಲ್ಲ. ವೃಷಣದ ಮೇಲ್ಭಾಗದ ಅಭಿಧಮನಿಗಳು ಉಬ್ಬಿಕೊಳ್ಳುವ ವೆರಿಕೊಸೀಲ್ ಪತ್ತೆಯಾಗುವುದು ರೋಗಿಯನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು ತಿಣುಕಲು ಹೇಳಿ, ಮುಟ್ಟಿ ನೋಡಿದಾಗ. ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ಈ ಕಾರಣ ಪರದೆಯಲ್ಲಿ ಕಾಣುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಸುಸ್ತು, ಆಸಕ್ತಿ ಇಲ್ಲ ಎಂದವರಿಗೆ ಟೆಸ್ಟೊಸ್ಟೆರಾನ್ ಕೊಟ್ಟರೆ ದೇಹದ ಸ್ವಂತ ವೀರ್ಯಾಣು ಉತ್ಪಾದನೆ ಕುಗ್ಗುತ್ತದೆ, ನಿಂತೂ ಹೋಗಬಹುದು. ಜಿಮ್ಮಿನಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ‘ಮಗು ಬೇಕೆಂದಿದ್ದೀರಾ?’ ಎಂದು ಕೇಳದೆ ಯಾರೂ ಈ ಹಾರ್ಮೋನು ಬರೆಯಬಾರದು. ಇನ್ನು ವೃಷಣದಲ್ಲಿ ತಟ್ಟನೆ ತೀವ್ರ ನೋವು ಬಂದರೆ ಚಾಟ್ ಮಾಡುತ್ತ ಕೂರುವ ಹೊತ್ತಲ್ಲ. ವೃಷಣ ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಸಿಗುವುದು ಸುಮಾರು ಆರು ಗಂಟೆ. ಅಂಥವನನ್ನು ಆ ಕ್ಷಣವೇ ಆಸ್ಪತ್ರೆಗೆ ಓಡಿಸುವುದೇ ಸೇವೆ.

ಈ ಸೇವೆಗಳ ಮುಖಪುಟದಲ್ಲಿ ಸಾಮಾನ್ಯವಾಗಿ ಇಲ್ಲದ್ದೊಂದಿದೆ: ಗಂಡಸಿನ ಗರ್ಭನಿರೋಧ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದ ಹೆಂಗಸರು ಶೇ 37.9, ಗಂಡಸರು ಶೇ 0.3. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಗುವ, ಅದೇ ದಿನ ಮನೆಗೆ ಹೋಗಬಹುದಾದ ವ್ಯಾಸೆಕ್ಟಮಿಯ ಬಗ್ಗೆ ಮಾತಾಡಿದರೆ ಮಾರಲು ಡಬ್ಬಿ ಇಲ್ಲ. ಅದರಿಂದ ಗಂಡಸ್ತನ ಕುಂದುವುದಿಲ್ಲ, ಆಮೇಲೆ ಮೂರು ತಿಂಗಳಿಗೆ ವೀರ್ಯ ಪರೀಕ್ಷೆ ಮಾಡಿಸುವವರೆಗೆ ಬೇರೆ ಸಾಧನ ಬಳಸಬೇಕು ಎಂಬ ಎರಡು ಮಾತು ಲಕ್ಷಾಂತರ ಮನೆಗಳಿಗೆ ಬೇಕು. ‘ಪುರುಷರ ಸಂತಾನಾರೋಗ್ಯ’ ಎಂಬ ಹಲಗೆ ಹಾಕಿಕೊಂಡವರು ಈ ಹೊಣೆ ಬಿಡಕೂಡದು.

ಗೌಪ್ಯತೆಯೂ ಹೆಸರಿಲ್ಲದ ಡಬ್ಬಿಯಲ್ಲಿ ಮಾತ್ರೆಯನ್ನು ಮನೆಗೆ ಕಳಿಸಿದಷ್ಟಕ್ಕೇ ಮುಗಿಯುವುದಲ್ಲ. ಗ್ರಾಹಕರ ಆರೋಗ್ಯ ಮಾಹಿತಿಯನ್ನು ಜಾಹೀರಾತು ಕಂಪನಿಗಳ ಜೊತೆ ಹಂಚಿಕೊಂಡ ಆರೋಪದ ಮೇಲೆ 2023ರಲ್ಲಿ ಅಮೆರಿಕದ ಗುಡ್‌ಆರ್‌ಎಕ್ಸ್ ಎಂಬ ಆನ್‌ಲೈನ್ ಔಷಧಿ ಸೇವೆ 15 ಲಕ್ಷ ಡಾಲರ್ ದಂಡ ತೆರಲು ಒಪ್ಪಬೇಕಾಯಿತು. ಅಕ್ಕಪಕ್ಕದವರಿಗೆ ಗೊತ್ತಾಗದ ತೊಂದರೆ ಜಾಹೀರಾತುದಾರರಿಗೆ ಗೊತ್ತಾಗುವುದಾದರೆ ಅದನ್ನು ಗುಟ್ಟು ಎನ್ನಲಾಗದು.

ಹಾಗಾದರೆ ಬಳಸಬೇಕೇ? ಬಳಸಿ, ಕಣ್ಣು ತೆರೆದು ಬಳಸಿ. ವೈದ್ಯರ ಹೆಸರು, ನೋಂದಣಿ ಸಂಖ್ಯೆ ಕಾಣಬೇಕು. ಅವರು ನಿಮ್ಮ ಹಳೆಯ ಕಾಯಿಲೆ, ಈಗ ನುಂಗುವ ಮಾತ್ರೆ ಎರಡನ್ನೂ ವಿಚಾರಿಸಬೇಕು. ಬೇಕಾದ ಪರೀಕ್ಷೆ ಬರೆದು, ಹತ್ತಿರದ ಆಸ್ಪತ್ರೆಗೆ ಚೀಟಿ ಕೊಡಬೇಕು. ಇವಿಲ್ಲದೆ ಪ್ಯಾಕೇಜಿನ ಬೆಲೆ ಮೊದಲು ಬಂದರೆ ಅಲ್ಲಿಂದ ಎದ್ದುಬನ್ನಿ. ಸರ್ಕಾರದ ಇ-ಸಂಜೀವಿನಿಯಲ್ಲಿ ವೈದ್ಯರ ಜೊತೆ ಉಚಿತವಾಗಿ ಮಾತಾಡಬಹುದು. ಸಂಜೆಯ ಹೊತ್ತು, ಕನ್ನಡದಲ್ಲಿ, ಗಂಡಸರ ತೊಂದರೆಗೆಂದೇ ಅಲ್ಲೊಂದು ಸರದಿ ತೆರೆದು, ಜಿಲ್ಲಾ ಆಸ್ಪತ್ರೆಯ ಮೂತ್ರರೋಗ ವಿಭಾಗಕ್ಕೆ ಅದನ್ನು ಜೋಡಿಸಿದರೆ, ಮಾರಲು ಏನೂ ಇಲ್ಲದ ವೈದ್ಯರ ಸಲಹೆ ಬಡವನಿಗೂ ಸಿಗುತ್ತದೆ. ಖಾಸಗಿಯವರು ಗಂಡಸನ್ನು ಮಾತಾಡುವಂತೆ ಮಾಡಿ ತೋರಿಸಿದ್ದಾರೆ. ಅವನನ್ನು ತಪಾಸಣೆಯವರೆಗೆ ಕರೆದೊಯ್ಯುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಕಟ್ಟಬೇಕು, ನಾವು ಕೇಳಿ ಕಟ್ಟಿಸಿಕೊಳ್ಳಬೇಕು.