ಹೊಗಳಿದ್ದು ಶ್ರಮವನ್ನು, ಮರೆತದ್ದು ಹಾಸ್ಟೆಲನ್ನು

ವಿಶ್ವೇಶ್ವರಯ್ಯನವರು ಬೀದಿದೀಪದ ಬೆಳಕಿನಲ್ಲಿ ಓದಿ ದೊಡ್ಡವರಾದರು ಎಂಬ ಕಥೆ ಕೇಳದೆ ಬೆಳೆದ ಮಕ್ಕಳು ಕರ್ನಾಟಕದಲ್ಲಿ ಕಡಿಮೆ. ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ, ಪ್ರತಿಭಾ ಪುರಸ್ಕಾರದ ವೇದಿಕೆಯಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನದ ಪತ್ರಿಕೆಯಲ್ಲಿ ಅದೇ ಕಥೆ ಬೇರೆ ಬೇರೆ ಹೆಸರು ಹೊತ್ತು ಬರುತ್ತದೆ. ನೀತಿ ಮಾತ್ರ ಬದಲಾಗುವುದಿಲ್ಲ: ಮನಸ್ಸಿದ್ದರೆ ಮಾರ್ಗ, ಛಲ ಇದ್ದವನಿಗೆ ಬಡತನ ಅಡ್ಡಿಯಲ್ಲ. ಈ ನೀತಿಯಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನೇ ಪೂರ್ತಿಯೆಂದು ನಂಬಿ ನಾವು ಬಡ ಮಕ್ಕಳಿಗೆ ಅನ್ಯಾಯ ಮಾಡಿದ್ದೇವೆ ಎಂಬುದು ನನ್ನ ವಾದ.

ಮೊದಲು ಆ ಕಥೆಯನ್ನೇ ನೋಡೋಣ. ಬೀದಿದೀಪ ಅದರ ಕೆಳಗೆ ಕೂತ ಹುಡುಗನದಲ್ಲ, ಊರಿನದು. ಕಂಬ ನೆಟ್ಟವರು, ಎಣ್ಣೆ ಹಾಕಿದವರು, ಸಂಜೆ ಬಂದು ಹಚ್ಚಿದವರು ಬೇರೆಯವರು. ಒಂಟಿ ಸಾಧನೆಯ ಉದಾಹರಣೆಯೆಂದು ನಾವು ಹೇಳುವ ಕಥೆಯ ನಡುವೆಯೇ ಸಾರ್ವಜನಿಕ ಸ್ವತ್ತೊಂದು ನಿಂತಿದೆ. ಕಥೆಯನ್ನು ಬದಿಗಿಟ್ಟು ವಿಶ್ವೇಶ್ವರಯ್ಯನವರ ಬದುಕಿನ ಸಂಗತಿಗಳಿಗೆ ಬಂದರೂ ಇದೇ ಕಾಣುತ್ತದೆ. ಮುದ್ದೇನಹಳ್ಳಿಯ ಆ ಹುಡುಗ ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿಕೊಂಡ. ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ. ಅಲ್ಲಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಓದಲು ಸಾಧ್ಯವಾದದ್ದು ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದಿಂದ. ಆ ಹುಡುಗನ ಶ್ರಮ ಅಸಾಧಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿದ್ಯಾರ್ಥಿವೇತನ ಇಲ್ಲದಿದ್ದರೆ ಅಷ್ಟೇ ಶ್ರಮದ ಅದೇ ಹುಡುಗ ಪುಣೆಯ ದಾರಿ ಹಿಡಿಯುವುದು ಕಷ್ಟವಿತ್ತು. ನಮ್ಮ ಕಥೆಯಲ್ಲಿ ದೀಪ ಉಳಿಯಿತು, ವಿದ್ಯಾರ್ಥಿವೇತನ ಬಿಟ್ಟುಹೋಯಿತು.

ಅಂಬೇಡ್ಕರ್ ಅವರ ವಿಷಯದಲ್ಲೂ ಹೀಗೇ ಆಗಿದೆ. ದಿನಕ್ಕೆ ಹದಿನೆಂಟು ಗಂಟೆ ಓದುತ್ತಿದ್ದರು ಎಂದು ಪ್ರತಿ ಏಪ್ರಿಲ್‌ನಲ್ಲಿ ಭಾಷಣ ಮಾಡುತ್ತೇವೆ. 1913ರಲ್ಲಿ ಅವರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದು ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಎಂಬುದನ್ನು ಅದೇ ಉತ್ಸಾಹದಿಂದ ಹೇಳುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಮುಂದೆ ನಡೆದದ್ದು. ವಿದೇಶದಲ್ಲಿ ಓದಿ 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಬಂದಾಗ ಆ ಊರಿನಲ್ಲಿ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಬೇರೆ ಹೆಸರಿನಲ್ಲಿ ತಂಗಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪು ಬಂದು ಹೊರಹಾಕಿತು. ಉದ್ಯಾನದಲ್ಲಿ ಕೂತು ಹೊತ್ತು ಕಳೆದು ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಮರಳಿದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಇದನ್ನು ಅವರೇ ಬರೆದಿಟ್ಟಿದ್ದಾರೆ. ಓದಿನ ಹಸಿವು, ಛಲ, ಬುದ್ಧಿ ಯಾವುದೂ ನಾಲ್ಕು ವರ್ಷಗಳಲ್ಲಿ ಕಡಿಮೆಯಾಗಿರಲಿಲ್ಲ. ನೆರವು ಇದ್ದಾಗ ಆ ಶ್ರಮ ಸಮುದ್ರ ದಾಟಿತು. ಮಲಗಲು ಜಾಗವಿಲ್ಲದಾಗ ಅದೇ ಶ್ರಮಕ್ಕೆ ಹನ್ನೊಂದು ದಿನ ಒಂದು ಊರಿನಲ್ಲಿ ನಿಲ್ಲಲು ಆಗಲಿಲ್ಲ.

ಇದರಿಂದ ಅಂಬೇಡ್ಕರ್ ಕಲಿತ ಪಾಠವನ್ನು ನಾವು ಇನ್ನೂ ಕಲಿತಿಲ್ಲ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ ಮೇಲೆ ಅದರ ಮೊದಮೊದಲ ಕೆಲಸಗಳಲ್ಲಿ ಒಂದು 1925ರಲ್ಲಿ ಸೊಲ್ಲಾಪುರದಲ್ಲಿ ತೆರೆದ ವಿದ್ಯಾರ್ಥಿ ನಿಲಯ. ಮುಂದೆ ನಮ್ಮ ಧಾರವಾಡದಲ್ಲೂ ಅವರ ಪ್ರಯತ್ನದಿಂದ ಹಾಸ್ಟೆಲ್ ಬಂತು. ಓದಿ ಎಂದು ಕರೆ ಕೊಟ್ಟವರು ಓದಲು ಬಂದವರ ಊಟ, ಹಾಸಿಗೆಯ ಚಿಂತೆಯನ್ನೂ ಮಾಡಿದರು.

ಕರ್ನಾಟಕದಲ್ಲಿ ಬಡವರ ಮಕ್ಕಳು ಮೇಲೆ ಬಂದ ಚರಿತ್ರೆ ಬಹುಮಟ್ಟಿಗೆ ಇಂಥ ಊಟ-ಹಾಸಿಗೆಗಳ ಚರಿತ್ರೆ. ಹಳೆಯ ತಲೆಮಾರಿನ ಎಷ್ಟೋ ಬ್ರಾಹ್ಮಣ ಹುಡುಗರು ವಾರಾನ್ನದಲ್ಲಿ ಓದಿದರು, ದಿನಕ್ಕೊಂದು ಮನೆಯಲ್ಲಿ ಉಂಡರು. ಅದರಲ್ಲಿ ಹಸಿವಿತ್ತು, ಸಂಕೋಚವಿತ್ತು, ಛಲವೂ ಇತ್ತು. ಜೊತೆಗೆ ಬಡಿಸಿದ ಏಳು ಮನೆಗಳೂ ಇದ್ದವು. ದಲಿತ ಹುಡುಗನಿಗೆ ಆ ಏಳರಲ್ಲಿ ಒಂದು ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಇಬ್ಬರ ಛಲವೂ ಸಮ ಎಂದುಕೊಂಡರೂ ಫಲ ಸಮವಾಗುವುದು ಹೇಗೆ? ಮಂಗಳೂರಿನಲ್ಲಿ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರಿಗೆ ಈ ಪ್ರಶ್ನೆ ಅರ್ಥವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾತಿಸಂಘಗಳು ಪೇಟೆಗಳಲ್ಲಿ ವಿದ್ಯಾರ್ಥಿ ನಿಲಯ ಕಟ್ಟಲು ಹೊರಟದ್ದೂ ಇದು ಅರ್ಥವಾದದ್ದರಿಂದಲೇ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ದಶಕಗಳ ಕಾಲ ಅನ್ನ, ವಸತಿ, ಓದು ಮೂರನ್ನೂ ಒಟ್ಟಿಗೆ ಕೊಟ್ಟರು. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗಗಳ ಹಾಸ್ಟೆಲುಗಳಿಗೆ ಒತ್ತು ಕೊಟ್ಟಿತು. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಿಂದ ಬೆಂಗಳೂರಿನ ಗೋಪಾಲಪುರದ ಹಾಸ್ಟೆಲನ್ನು ತೆಗೆದುಬಿಟ್ಟರೆ ಮಾಗಡಿಯ ಕಡೆಯ ಹುಡುಗ ಕವಿಯಾದ ದಾರಿಯೇ ಅರ್ಥವಾಗುವುದಿಲ್ಲ.

ಆಸರೆ ಪಡೆದವರೂ ಆಸರೆಯ ಪಾತ್ರವನ್ನು ಕಿರಿದಾಗಿಸಿ ನೋಡಬಲ್ಲರು. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ, ಅರ್ಹತೆಯೇ ಮಾನದಂಡವಾಗಬೇಕು ಎಂಬ ನಿಲುವಿನ ವಿಶ್ವೇಶ್ವರಯ್ಯನವರು ಅದನ್ನು ಒಪ್ಪಲಿಲ್ಲ. ಆ ಭಿನ್ನಾಭಿಪ್ರಾಯದ ಹಿನ್ನೆಲೆಯಲ್ಲೇ ದಿವಾನಗಿರಿಯಿಂದ ಇಳಿದರು. ಅವರ ಪ್ರಾಮಾಣಿಕತೆ ಪ್ರಶ್ನಾತೀತ. ಆದರೆ ಅರ್ಹತೆಯೂ ಎಲ್ಲಿಯೋ ಉಂಡು, ಎಲ್ಲಿಯೋ ಮಲಗಿ, ಯಾರದೋ ಹಣದಲ್ಲಿ ಓದಿಯೇ ಬೆಳೆಯುತ್ತದೆ. ಅಷ್ಟು ದೊಡ್ಡವರ ಕಣ್ಣಿಗೂ ಅದು ಪೂರ್ತಿ ಬೀಳದಿದ್ದರೆ ಉಳಿದವರು ಎಚ್ಚರವಾಗಿರಬೇಕು.

ಈಗ ಹಳೆಯ ಗಾದೆಯ ಜಾಗಕ್ಕೆ ಹೊಸ ಶಾಸ್ತ್ರವೊಂದು ಬಂದಿದೆ. ಬಡತನ ಇರುವುದು ಮನಸ್ಸಿನಲ್ಲಿ, ಮೈಂಡ್‌ಸೆಟ್ ಬದಲಿಸಿಕೊಂಡರೆ ಎಲ್ಲವೂ ಬದಲಾಗುತ್ತದೆ ಎನ್ನುವ ತರಬೇತುದಾರರು ಸರ್ಕಾರಿ ಕಾಲೇಜುಗಳಿಗೂ ಬರುತ್ತಿದ್ದಾರೆ. ಈ ಮಾತಿನ ಬೇರು ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಅವರ ಸಂಶೋಧನೆಯಲ್ಲಿದೆ, 2006ರಲ್ಲಿ ಬಂದ ಅವರ ಪುಸ್ತಕದಲ್ಲಿದೆ. ಬುದ್ಧಿ ಹುಟ್ಟಿನಿಂದ ನಿಗದಿಯಾದದ್ದಲ್ಲ, ಬೆಳೆಸಿಕೊಳ್ಳಬಹುದು ಎಂದು ನಂಬಿದ ಮಗು ಚೆನ್ನಾಗಿ ಕಲಿಯುತ್ತದೆ ಎಂಬುದು ಅದರ ತಿರುಳು. ಒಳ್ಳೆಯ ಮಾತು. ಅದರ ಅಳತೆ ಎಷ್ಟು? 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡ್ವೆಕ್ ಅವರೂ ಸೇರಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಒಂಬತ್ತನೆಯ ತರಗತಿಯ ಸುಮಾರು 12,000 ಮಕ್ಕಳಿದ್ದರು. ಒಂದು ಗಂಟೆಗೂ ಕಡಿಮೆ ಅವಧಿಯ ಪಾಠದಿಂದ ಓದಿನಲ್ಲಿ ಹಿಂದಿದ್ದ ಮಕ್ಕಳ ಸರಾಸರಿ ಗ್ರೇಡ್ ಏರಿದ್ದು 0.10 ಅಂಕ. ಅಷ್ಟು ಕಡಿಮೆ ಖರ್ಚಿಗೆ ಇದು ಬೆಲೆಯುಳ್ಳ ಫಲ, ಪವಾಡವಂತೂ ಅಲ್ಲ. ಸುತ್ತಲಿನ ಸಹಪಾಠಿಗಳ ವಾತಾವರಣ ಸವಾಲುಗಳನ್ನು ಪ್ರೋತ್ಸಾಹಿಸುವಂತಿದ್ದ ಶಾಲೆಗಳಲ್ಲಿ ಈ ಫಲ ಹೆಚ್ಚು ನಿಂತಿತು ಎಂದೂ ಅದೇ ಅಧ್ಯಯನ ಹೇಳುತ್ತದೆ. ಮನಸ್ಸಿನ ಮಹಿಮೆ ಹೇಳಲು ಹೊರಟ ವಿಜ್ಞಾನವೇ ಪರಿಸರದ ಕಡೆ ಬೆರಳು ತೋರಿಸಿದೆ.

ಮನಸ್ಸೇ ಮೊದಲು, ಪರಿಸ್ಥಿತಿ ಆಮೇಲೆ ಎಂಬ ಕ್ರಮವೂ ಪ್ರಶ್ನಾರ್ಹ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕುರಿತ ಅಧ್ಯಯನವೊಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದೇ ರೈತರು ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಗಮನ, ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಕಟಾವಿನ ಹಣ ಬಂದ ಮೇಲೆ ಮುಂದೆ ಬಂದರು. ಕಾರ್ಖಾನೆಯ ಬಾಕಿಗೆ ತಿಂಗಳುಗಟ್ಟಲೆ ಕಾಯುವ ಮಂಡ್ಯದ, ಬೆಳಗಾವಿಯ ರೈತರಿಗೆ ಇದು ಹೊಸ ಸುದ್ದಿಯಲ್ಲ. ಸಾಲದ ಕಂತು ತಲೆ ತಿನ್ನುವಾಗ ದೃಢ ಮನಸ್ಸು ಎಲ್ಲಿಂದ ಬರಬೇಕು?

ಬಿಹಾರದ ಉದಾಹರಣೆ ಇನ್ನೂ ಸ್ಪಷ್ಟ. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಂತೆ, ಪ್ರೌಢಶಾಲೆಗೆ ದಾಖಲಾಗುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಈ ಫಲ ಹೆಚ್ಚು. ಆ ಹುಡುಗಿಯರಿಗೆ ಯಾರೂ ಛಲದ ಪಾಠ ಹೇಳಿರಲಿಲ್ಲ. ಓದುವ ಮನಸ್ಸು ಮೊದಲೇ ಇತ್ತು, ಇಲ್ಲದಿದ್ದದ್ದು ಸೈಕಲ್. ಕರ್ನಾಟಕವೂ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತ್ತು. ಅಂಥ ಯೋಜನೆಗಳನ್ನು ಬಿಟ್ಟಿ ಭಾಗ್ಯವೆಂದು ಹೀಗಳೆಯುವ ಮೊದಲು ಈ ಅಂಕಿಗಳನ್ನು ನೋಡಬೇಕು.

ಶ್ರಮದ ಸಿದ್ಧಾಂತ ತನ್ನ ಕ್ರೌರ್ಯ ತೋರಿಸುವುದು ಸೋತವರ ಮೇಲೆ. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಸಣ್ಣ ಸಣ್ಣ ರೂಮುಗಳಲ್ಲಿ ಇದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ವರ್ಷಗಟ್ಟಲೆ ಓದುವ ತರುಣ ತರುಣಿಯರಿದ್ದಾರೆ. 2023ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಇಡೀ ದೇಶದಿಂದ ಆಯ್ಕೆಯಾದವರು 1,016 ಮಂದಿ, ಪ್ರಯತ್ನಿಸಿದವರು ಲಕ್ಷಾಂತರ. ಎಲ್ಲರೂ ಹದಿನೆಂಟು ಗಂಟೆ ಓದಿದರೂ ಆಯ್ಕೆಯಾಗುವವರು ಅಷ್ಟೇ ಜನ. ಉಳಿದವರಿಗೆ ‘ನಿನ್ನ ಪ್ರಯತ್ನ ಸಾಲದು’ ಎಂದರೆ ಅದು ಸುಳ್ಳು. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ 2022ರಲ್ಲಿ ರದ್ದಾಯಿತು. ಪ್ರಾಮಾಣಿಕವಾಗಿ ಓದಿ ಬರೆದವರ ವರ್ಷಗಳೂ ಅದರೊಂದಿಗೆ ಹೋದವು. ಅವರ ಛಲದಲ್ಲಿ ಯಾವ ಕೊರತೆಯಿತ್ತು? ಕೊರತೆಯಿದ್ದದ್ದು ಪರೀಕ್ಷೆ ನಡೆಸಿದ ವ್ಯವಸ್ಥೆಯಲ್ಲಿ. ಶ್ರಮವೇ ಎಲ್ಲ ಎಂದು ಕಲಿತ ಮಗು ಇಂಥ ಹೊತ್ತಿನಲ್ಲಿ ವ್ಯವಸ್ಥೆಯನ್ನು ಪ್ರಶ್ನಿಸುವ ಬದಲು ತನ್ನನ್ನೇ ಹಳಿದುಕೊಳ್ಳುತ್ತದೆ. ನಾವು ಕಲಿಸಿದ ನೀತಿಯೇ ಅದರ ಎದೆಗೆ ಚುಚ್ಚುತ್ತದೆ.

ಹಾಗಾದರೆ ನಿನ್ನ ಕೈಯಲ್ಲಿ ಏನೂ ಇಲ್ಲ ಎಂದು ಮಕ್ಕಳಿಗೆ ಹೇಳಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ನಾಳೆಯ ಪರೀಕ್ಷೆಗೆ ಇಂದು ರಾತ್ರಿ ಓದಲೇಬೇಕು, ಅದನ್ನು ಯಾವ ಸರ್ಕಾರವೂ ಮಗುವಿನ ಪರವಾಗಿ ಮಾಡಲಾರದು. ಶ್ರಮಪಡು ಎಂಬುದು ಮುಂದಿನ ಹೆಜ್ಜೆಗೆ ಕೊಡುವ ಸಲಹೆಯಾಗಿ ಸರಿ. ಅದನ್ನೇ ತಿರುಗಿಸಿ, ಹಿಂದೆ ಬಿದ್ದವನು ಶ್ರಮಪಡಲಿಲ್ಲ ಎಂದು ಇನ್ನೊಬ್ಬರ ಬದುಕಿಗೆ ಕೊಡುವ ವಿವರಣೆಯಾಗಿಸಿದಾಗ ಅದು ತಪ್ಪಾಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಒಂದೇ ಹಾಸ್ಟೆಲು, ಒಂದೇ ಊಟ, ಒಂದೇ ಕಾಲೇಜು; ಒಬ್ಬ ಮುಂದೆ ಬಂದ, ಇನ್ನೊಬ್ಬ ಬರಲಿಲ್ಲ. ಅಲ್ಲಿ ವ್ಯತ್ಯಾಸ ಮಾಡಿದ್ದು ಶ್ರಮವಲ್ಲವೇ? ಹಲವು ಸಲ ಹೌದು, ಮತ್ತು ನನ್ನ ವಾದಕ್ಕೆ ಇದೇ ದೊಡ್ಡ ಆಧಾರ. ಊಟ, ವಸತಿ, ಪಾಠ ಸಮವಾದ ಮೇಲಷ್ಟೇ ಯಾರು ಎಷ್ಟು ದುಡಿದರು ಎಂದು ತೂಗಲು ಬರುತ್ತದೆ. ಅಲ್ಲಿಯವರೆಗೆ ನಾವು ಶ್ರಮವೆಂದು ತೂಗುತ್ತಿರುವುದರಲ್ಲಿ ಅಪ್ಪನ ಸಂಬಳವೂ ಅಜ್ಜನ ಜಾತಿಯೂ ಬೆರೆತಿರುತ್ತವೆ. ಶ್ರಮವನ್ನು ನಿಜವಾಗಿ ಗೌರವಿಸುವವರು ಎಲ್ಲರಿಗಿಂತ ಮೊದಲು ಹಾಸ್ಟೆಲಿನ ಪರವಾಗಿ ನಿಲ್ಲಬೇಕು.

ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ಸರ್ಕಾರಿ ವಿದ್ಯಾರ್ಥಿ ನಿಲಯಗಳ ಸೀಟು ಸಿಗದ ಮಕ್ಕಳು ಕಚೇರಿಗಳ ಮುಂದೆ ನಿಲ್ಲುತ್ತಾರೆ. ಸಿಕ್ಕವರು ಕಿಕ್ಕಿರಿದ ಕೋಣೆಗಳಲ್ಲಿ ಹೊಂದಿಕೊಳ್ಳುತ್ತಾರೆ. ಹುಡುಗಿಯರಿಗೆ ನಂಬುವಂಥ ವಸತಿ ಇಲ್ಲದಿದ್ದರೆ ಮನೆಯವರು ಓದನ್ನೇ ನಿಲ್ಲಿಸುತ್ತಾರೆ. ಇದು ಅವರ ಮನೋಬಲದ ಪ್ರಶ್ನೆಯಲ್ಲ, ಬಜೆಟ್ಟಿನ ಪ್ರಶ್ನೆ. ಜನಪ್ರತಿನಿಧಿಗಳು ವೇದಿಕೆ ಹತ್ತಿ ಛಲದ ಬಗ್ಗೆ ಮಾತಾಡಿದಾಗ ನಮ್ಮ ತಾಲ್ಲೂಕಿನಲ್ಲಿ ಈ ವರ್ಷ ಎಷ್ಟು ಮಕ್ಕಳು ಹಾಸ್ಟೆಲಿಗೆ ಅರ್ಜಿ ಹಾಕಿದ್ದರು, ಎಷ್ಟು ಮಂದಿಗೆ ಸೀಟು ಸಿಕ್ಕಿತು, ಉಳಿದವರು ಎಲ್ಲಿ ಹೋದರು ಎಂದು ಕೇಳೋಣ. ಉತ್ತರ ಬರುವವರೆಗೆ ಕೇಳುತ್ತಲೇ ಇರೋಣ.