ಬಸ್ಸಿನ ಹೆಜ್ಜೆ, ಮೆಮೊರಿಯ ಹೆಜ್ಜೆ

ಚೆನ್ನೈಯ ಪಾನಗಲ್ ಪಾರ್ಕ್ ಹತ್ತಿರದ ಗೆಳೆಯರ ಮಗ ಕಳೆದ ಭಾನುವಾರ ಹಳೆಯ ಕಂಪ್ಯೂಟರೊಂದನ್ನು ಹೊತ್ತು ತಂದ. ರಿಚಿ ಸ್ಟ್ರೀಟಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಒಳಗೆ 2006ರ ಇಂಟೆಲ್ ಕೋರ್ 2 ಡ್ಯುಯೊ ಇ6300 ಪ್ರೊಸೆಸರ್. ಚಿಪ್ಪನ್ನು ನಿಗದಿತ ವೇಗ ಮೀರಿ ಓಡಿಸುವ ಓವರ್‌ಕ್ಲಾಕಿಂಗ್ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. "ಅಂಕಲ್, ಬಸ್ 400ಕ್ಕೆ ಏರಿಸಿದೆ, ಸ್ಕ್ರೀನೇ ಬರ್ತಿಲ್ಲ. ಪ್ರೊಸೆಸರ್ ಸುಟ್ಟೋಯ್ತಾ?" ಎಂದ.

ಸುಟ್ಟಿರಲಿಲ್ಲ. ಪ್ಲಗ್ ಕಿತ್ತು, ಮದರ್‌ಬೋರ್ಡಿನ ಗುಂಡು ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದೆವು, ಬಯಾಸ್ ಮೊದಲಿನಂತಾಯಿತು. ತಪ್ಪಿದ್ದದ್ದು ಒಂದೇ ಸಾಲಿನಲ್ಲಿ: ಮೆಮೊರಿ ಅನುಪಾತ, 2:3.

ಪ್ರೊಸೆಸರಿಗೂ ಮೆಮೊರಿಗೂ ನಡುವಿನ ದಾರಿಯೇ ಬಸ್. ಈ ಚಿಪ್ಪಿನ ಬಸ್ 266 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 7, ಗುಣಿಸಿದರೆ 1.86 ಗಿಗಾಹರ್ಟ್ಸ್. ಮಲ್ಟಿಪ್ಲೈಯರ್ ಏರಿಸದಂತೆ ಇಂಟೆಲ್ ಬೀಗ ಹಾಕಿದೆ, ಹಾಗಾಗಿ ಬಸ್ಸನ್ನೇ ಏರಿಸಬೇಕು. 400 ಆದರೆ ಪ್ರೊಸೆಸರ್ 2.8ಕ್ಕೆ ಹೋಗುತ್ತದೆ. ಆದರೆ ಮೆಮೊರಿಯೂ ಬಸ್ಸಿನ ಬೆನ್ನಿಗೇ ಇರುತ್ತದೆ. 2:3ರಲ್ಲಿ ಬಸ್ 266 ಇದ್ದಾಗ ಮೆಮೊರಿ 400. ಡಿಡಿಆರ್2-800ಕ್ಕೆ ಅದು ಹೇಳಿಮಾಡಿಸಿದ ವೇಗ. ಬಸ್ 400 ಆದ ಕೂಡಲೇ ಮೆಮೊರಿ 600ಕ್ಕೆ ಓಡಬೇಕು. ಹುಡುಗನ ರ‍್ಯಾಮ್ ಅಲ್ಲಿ ಕುಸಿದಿತ್ತು, ಅಪವಾದ ಪ್ರೊಸೆಸರಿಗೆ ಬಂದಿತ್ತು.

ಅನುಪಾತವನ್ನು 1:1 ಮಾಡಿದೆವು. ಬಸ್ 400, ಮೆಮೊರಿಯೂ 400. "ಮೆಮೊರಿ ಇನ್ನೂ ಜೋರಾಗಿದ್ದರೆ ಒಳ್ಳೇದಲ್ವಾ?" ಎಂಬ ಅವನ ಪ್ರಶ್ನೆ ಎಲ್ಲರದೂ ಹೌದು. ಇಂಟೆಲ್‌ನ ಈ ಬಸ್ ಒಂದು ಗಡಿಯಾರದ ಏಟಿಗೆ ನಾಲ್ಕು ಸಲ, ಸಲಕ್ಕೆ ಎಂಟು ಬೈಟ್ ಸಾಗಿಸುತ್ತದೆ: ಸೆಕೆಂಡಿಗೆ 12.8 ಗಿಗಾಬೈಟ್. ಜೋಡಿ ಚಾನೆಲ್‌ನ ಡಿಡಿಆರ್2-800 ಕೊಡುವುದೂ ಸರಿಯಾಗಿ 12.8. ಮೆಮೊರಿ ಇನ್ನಷ್ಟು ಸುರಿದರೂ ಆ ಬಾಗಿಲಲ್ಲಿ ಅದಕ್ಕಿಂತ ಹೆಚ್ಚು ಹಿಡಿಸದು.

ವಾಣಿ ಮಹಲಿನಲ್ಲಿ ಸಂಗೀತ ಕಚೇರಿ ಕೇಳಿದವರಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ. ನಾಲ್ಕು ಏಟಿನ ಜಾಗದಲ್ಲಿ ಐದು ಏಟು ನುಡಿಸಿದರೆ ಎರಡೂ ಕೂಡುವುದು ಸುತ್ತಿಗೊಮ್ಮೆ ಮಾತ್ರ. 4:5 ಅನುಪಾತದಲ್ಲೂ ಹಾಗೆಯೇ. ಏಟು ಕೂಡುವವರೆಗೆ, ಬಸ್ಸಿಗೂ ಮೆಮೊರಿಗೂ ನಡುವಿರುವ ಚಿಪ್‌ಸೆಟ್ ದತ್ತಾಂಶವನ್ನು ಕೈಯಲ್ಲಿ ಹಿಡಿದು ಕಾಯುತ್ತದೆ. 1:1ರಲ್ಲಿ ಆ ಕಾಯುವಿಕೆ ಇಲ್ಲ.

ನನ್ನ ಪದ್ಧತಿ ಇದು. ಮೊದಲು 1:1. ಮಲ್ಟಿಪ್ಲೈಯರನ್ನು 6ಕ್ಕೆ ಇಳಿಸಿ ಬಸ್ಸನ್ನು ಹತ್ತು ಹತ್ತಾಗಿ ಏರಿಸಿ, ಪ್ರತಿ ಹೆಜ್ಜೆಗೂ ಮೆಮ್‌ಟೆಸ್ಟ್ ಓಡಿಸುವುದು. ಆಮೇಲೆ ಮಲ್ಟಿಪ್ಲೈಯರ್ 7ಕ್ಕೆ ತಂದು, ಪ್ರೊಸೆಸರಿನ ಪರೀಕ್ಷೆಗೆ ಪ್ರೈಮ್95. ಒಮ್ಮೆಗೆ ಒಂದನ್ನೇ ಪರೀಕ್ಷಿಸಿದರೆ ಸೋತದ್ದು ಯಾವುದೆಂಬ ಗೊಂದಲವಿರದು.

ಇಂಟೆಲ್ 2008ರಲ್ಲಿ ಕೋರ್ ಐ7 ತಂದಾಗ ಈ ಬಸ್ಸನ್ನೇ ಕೈಬಿಟ್ಟಿತು, ಮೆಮೊರಿ ಕಂಟ್ರೋಲರ್ ಪ್ರೊಸೆಸರಿನೊಳಗೆ ಸೇರಿತು. ಆದರೂ ಇಂದು ರೈಜೆನ್ ಕಟ್ಟುವವರು ಡಿಡಿಆರ್5-6000ಕ್ಕೆ ನಿಲ್ಲುವುದು ಕಂಟ್ರೋಲರ್ ಮತ್ತು ಮೆಮೊರಿ 1:1ರಲ್ಲಿ ಉಳಿಯಲೆಂದೇ.

ಹುಡುಗನ ಯಂತ್ರ 2.8ರಲ್ಲಿ ರಾತ್ರಿಯಿಡೀ ಓಡಿತು. ಇನ್ನು ಮೇ ತಿಂಗಳ ಮಧ್ಯಾಹ್ನ, ಎ.ಸಿ. ಆರಿಸಿ ಮತ್ತೆ ಓಡಿಸು ಎಂದಿದ್ದೇನೆ. ಕೋಣೆಯ ಗಾಳಿಗಿಂತ ತಣ್ಣಗೆ ಯಾವ ಫ್ಯಾನೂ ಚಿಪ್ಪನ್ನು ಇಡಲಾರದು. ಅಗ್ನಿ ನಕ್ಷತ್ರದ ಬಿಸಿಲಲ್ಲಿ ನಿಂತ ವೇಗವೇ ಚೆನ್ನೈಯಲ್ಲಿ ನಮ್ಮ ವೇಗ.